ಧರ್ಮಕೇಂದ್ರದ ಬಯಲಿನಿಂದ ಹೊರಟ ತಂಡ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚಾರಿತ್ರಿಕ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ನನ್ನನ್ನು ಕೇಳುವ ಹೊತ್ತಿಗೆ, ನಮ್ಮ ದೇವಾಲಯದ ಅಡಿಗಲ್ಲು, ಗಂಟೆಗೋಪುರ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪಟ್ಟಿ ಇವೆಲ್ಲವನ್ನೂ ಬೇರೆ ಲೇಖಕರು ತಮ್ಮ ತಮ್ಮಲ್ಲಿ ಹಂಚಿಕೊಂಡಾಗಿತ್ತು. ನನ್ನ ಪಾಲಿಗೆ ಉಳಿದದ್ದು ದೇವಾಲಯದ ಹಿಂದಿನ ಬಯಲು. ಅದಕ್ಕೆ ದಾಖಲೆ ಪುಸ್ತಕಗಳಲ್ಲಿ ಚರಿತ್ರೆಯಿಲ್ಲ. ಸಂಜೆಯ ಗಂಟೆ ಬಾರಿಸುವವರೆಗೂ ಹುಡುಗರು ಅಲ್ಲಿ ಚೆಂಡೊದೆಯುತ್ತಾರೆ, ಅಷ್ಟೆ. ಅಲ್ಲೊಂದು ಕಲ್ಯಾಣ ಮಂಟಪವನ್ನು ಕಟ್ಟಿಸಿದರೆ ಧರ್ಮಕೇಂದ್ರಕ್ಕೆ ವರಮಾನವಾದೀತೆಂಬುದು ಕೆಲವು ಹಿರಿಯರ ಅಭಿಪ್ರಾಯ. ಅದು ತಳ್ಳಿಹಾಕುವಂತಹ ಅಭಿಪ್ರಾಯವೇನೂ ಅಲ್ಲ. ಆದರೆ ಆ ಮಾತು ಬಂದಾಗಲೆಲ್ಲ ಇಟಲಿ ದೇಶದ ಇನ್ನೊಂದು ಧರ್ಮಕೇಂದ್ರದ ಬಯಲು ನನ್ನ ನೆನಪಿಗೆ ಬರುತ್ತದೆ. ಅಲ್ಲಿ ಆಡಿ ಬೆಳೆದ ತಂಡವೊಂದರ ಕಥೆಯನ್ನೇ ಇಲ್ಲಿ ನಿರೂಪಿಸುತ್ತೇನೆ.

ಧರ್ಮಸಭೆಗೂ ಕಾಲ್ಚೆಂಡಾಟಕ್ಕೂ ಏನು ನಂಟು ಎಂದು ಯಾರಾದರೂ ಕೇಳಬಹುದು. ಸಂತ ಡಾನ್ ಬೋಸ್ಕೊರವರು 1846ರಲ್ಲಿ ತೂರಿನ್ ನಗರದ ವಾಲ್ದೊಕ್ಕೊ ಎಂಬಲ್ಲಿ ಬಡ ಬಾಲಕರಿಗಾಗಿ ನೆಲೆಗೊಳಿಸಿದ ಒರಾತೊರಿಯೊದಲ್ಲಿ ಪ್ರಾರ್ಥನೆ, ಪಾಠ, ಆಟ ಈ ಮೂರಕ್ಕೂ ಸ್ಥಾನವಿತ್ತು. ಆ ಮಾದರಿ ಇಟಲಿಯ ಉದ್ದಗಲಕ್ಕೂ ಹಬ್ಬಿ, ದೇವಾಲಯದ ಪಕ್ಕದಲ್ಲಿ ಆಟದ ಬಯಲಿರುವುದು ವಾಡಿಕೆಯಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ 1887ರ ನವೆಂಬರಿನಲ್ಲಿ ಮಾರಿಸ್ಟ್ ಸಭೆಯ ಸಹೋದರ ವಾಲ್ಫ್ರಿಡ್‌ರವರು ಸಂತ ಮರಿಯಮ್ಮನವರ ದೇವಾಲಯದ ಸಭಾಂಗಣದಲ್ಲಿ ಸೆಲ್ಟಿಕ್ ಕ್ಲಬ್ಬನ್ನು ಸ್ಥಾಪಿಸಿದ್ದು, ಐರಿಷ್ ವಲಸೆಗಾರರ ಹಸಿದ ಮಕ್ಕಳಿಗೆ ಊಟವನ್ನೊದಗಿಸುವ ಸಲುವಾಗಿ. ಆ ಕ್ಲಬ್ 1967ರಲ್ಲಿ ಯೂರೋಪಿನ ಕಪ್ಪನ್ನೇ ಗೆದ್ದಿತು. ನಾನು ಹೇಳಹೊರಟಿರುವ ಊರಿಗೆ ಅಂತಹ ಖ್ಯಾತಿಯಿಲ್ಲ.

ಉತ್ತರ ಇಟಲಿಯ ವೆರೋನ ಪುರಾತನ ಧರ್ಮಪ್ರಾಂತ್ಯ. ನಾಲ್ಕನೆಯ ಶತಮಾನದ ಧರ್ಮಾಧ್ಯಕ್ಷರಾದ ಸಂತ ಜೆನೊರವರು ಅದರ ಪಾಲಕರು. ಸಂತ ದಾನಿಯೇಲ್ ಕೊಂಬೋನಿಯವರು ಆಫ್ರಿಕದ ಸೇವೆಗಾಗಿ ತಮ್ಮ ಸಂಸ್ಥೆಯನ್ನು 1867ರಲ್ಲಿ ಹುಟ್ಟುಹಾಕಿದ್ದು ಆ ನಗರದಲ್ಲಿಯೇ. ಅದರ ಅಂಚಿನಲ್ಲಿ, ಅದಿಜೆ ನದಿಯ ದಂಡೆಯಲ್ಲಿ, ಕಿಯೇವೊ ಎಂಬ ಪುಟ್ಟ ಬಡಾವಣೆಯಿದೆ. ಜನಸಂಖ್ಯೆ ಸುಮಾರು 4,500. 1929ರಲ್ಲಿ ಈ ಊರಿನ ಕೆಲವರು ಸೇರಿ ಒಂದು ಕಾಲ್ಚೆಂಡು ತಂಡವನ್ನು ಕಟ್ಟಿದರು. 1936ರಲ್ಲಿ ಹಣವಿಲ್ಲದೆ ಅದು ಮುಚ್ಚಿಹೋಯಿತು. ಮಹಾಯುದ್ಧ ಮುಗಿದ ಮೇಲೆ 1948ರಲ್ಲಿ ಮತ್ತೆ ತಲೆಯೆತ್ತಿತು. 1957ರಿಂದ 1986ರವರೆಗೆ, ಎಂದರೆ ಸುಮಾರು ಮೂವತ್ತು ವರ್ಷಗಳ ಕಾಲ, ತಂಡ ಆಡಿದ್ದು ಬೊತ್ತಾಜಿಸಿಯೊ ಎಂಬ ಹೆಸರಿನ ಧರ್ಮಕೇಂದ್ರದ ಬಯಲಿನಲ್ಲಿ.

1964ರಲ್ಲಿ ಲುಯಿಜಿ ಕಂಪೆದೆಲ್ಲಿಯವರು ಅಧ್ಯಕ್ಷರಾದರು. ಅವರದು ಪಲುವಾನಿ ಎಂಬ ಕೇಕಿನ ಕಂಪನಿ. ಕ್ರಿಸ್ಮಸ್ ಕಾಲದಲ್ಲಿ ವೆರೋನದವರು ತಿನ್ನುವ ಪಂದೋರೊ ಕೇಕಿಗೆ ಅದು ಹೆಸರಾಗಿತ್ತು. ಹಬ್ಬದ ಕೇಕಿನ ಲಾಭದಿಂದ ಒಂದು ತಂಡವನ್ನು ಎಷ್ಟು ಸಾಕಬಹುದೋ ಅಷ್ಟೇ ಸಾಕಿದರು. ತಂಡ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, 1986ರಲ್ಲಿ ವೃತ್ತಿನಿರತ ದರ್ಜೆಯನ್ನು ಮುಟ್ಟಿದಾಗ ಧರ್ಮಕೇಂದ್ರದ ಬಯಲು ನಿಯಮಗಳಿಗೆ ಸಾಲದಾಯಿತು. ವೆರೋನ ನಗರದ ಬೆಂತೆಗೋದಿ ಕ್ರೀಡಾಂಗಣಕ್ಕೆ ಹೋಗಬೇಕಾಯಿತು. ಅಲ್ಲಿ ಸುಮಾರು 39,000 ಜನ ಕೂರಬಹುದು. ಕಿಯೇವೊ ಊರು ಬಾಗಿಲಿಕ್ಕಿಕೊಂಡು ಹಸುಗೂಸುಗಳ ಸಮೇತ ಬಂದರೂ ಎಂಟರಲ್ಲಿ ಒಂದು ಪಾಲು ತುಂಬುವುದಿಲ್ಲ. ಮೇಲಾಗಿ ಆ ಕ್ರೀಡಾಂಗಣ ನಗರದ ದೊಡ್ಡ ತಂಡ ಹೆಲ್ಲಾಸ್ ವೆರೋನದ ಮನೆ. ಆ ತಂಡವಾದರೋ 1985ರಲ್ಲಿ ಇಟಲಿಯ ಚಾಂಪಿಯನ್ ಪದವಿಯನ್ನೇ ಪಡೆದಿತ್ತು. ನೆರೆಮನೆಯ ಬಡ ನೆಂಟನಂತೆ ಕಿಯೇವೊ ಅಲ್ಲಿ ಒಂದು ಮೂಲೆ ಹಿಡಿಯಿತು.

1992ರಲ್ಲಿ ಲುಯಿಜಿಯವರು ಹೃದಯಾಘಾತದಿಂದ ತೀರಿಕೊಂಡಾಗ ಅವರ ಮಗ ಲೂಕಾರವರಿಗೆ ಇಪ್ಪತ್ತಮೂರು ವರ್ಷ. ಆ ಯುವಕನು ತಂಡದ ಹಳೆಯ ಆಟಗಾರ ಜೊವಾನ್ನಿ ಸರ್ತೋರಿಯವರಿಗೆ ಆಟಗಾರರನ್ನು ಆರಿಸುವ ಹೊಣೆಯನ್ನೊಪ್ಪಿಸಿದನು. ಕೆಳದರ್ಜೆಯ ತಂಡಗಳಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದವರನ್ನು, ದೊಡ್ಡ ತಂಡಗಳು ಬೇಡವೆಂದು ಬಿಟ್ಟವರನ್ನು ಹುಡುಕಿ ತರುವುದರಲ್ಲಿ ಸರ್ತೋರಿಯವರಿಗೆ ಸಮಾನರಿರಲಿಲ್ಲ. (ಅವರೇ ಮುಂದೆ ಅತಲಾಂತ, ಬೊಲೋನ್ಯ ತಂಡಗಳಲ್ಲಿಯೂ ಇದೇ ಕಾರ್ಯದಿಂದ ಹೆಸರು ಮಾಡಿದರು.) 1994ರಲ್ಲಿ ತಂಡ ಎರಡನೆಯ ದರ್ಜೆಗೇರಿತು. 2000ದಲ್ಲಿ ಲುಯಿಜಿ ದೆಲ್ನೇರಿಯವರು ತರಬೇತುದಾರರಾಗಿ ಬಂದರು. ಅವರು ಹುಟ್ಟಿದ್ದು ಅಕ್ವಿಲೇಯದಲ್ಲಿ. ಧರ್ಮಸಭೆಯ ಚರಿತ್ರೆಯನ್ನು ಓದಿದವರಿಗೆ ಆ ಪ್ರಾಚೀನ ಪೀಠದ ಹೆಸರು ಅಪರಿಚಿತವಲ್ಲ. 2001ರಲ್ಲಿ ಕಿಯೇವೊ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಸೀರೀ ಎ ಎಂಬ ಅತ್ಯುನ್ನತ ದರ್ಜೆಯನ್ನು ಪ್ರವೇಶಿಸಿತು.

ಇಲ್ಲಿ ಸ್ವಲ್ಪ ನಿಂತು ಅವರ ಆಟದ ರೀತಿಯನ್ನು ವಿವರಿಸಬೇಕು. ಬಡವನಿಗೆ ಲೋಕ ಹೇಳುವ ಬುದ್ಧಿವಾದ ಒಂದೇ: ಹಾಸಿಗೆ ಇದ್ದಷ್ಟು ಕಾಲು ಚಾಚು. ಕಾಲ್ಚೆಂಡಾಟದಲ್ಲಿ ಇದರ ಅರ್ಥ, ಎಲ್ಲರೂ ತಮ್ಮ ಗೋಲಿನ ಮುಂದೆ ಕೋಟೆ ಕಟ್ಟಿ ನಿಲ್ಲುವುದು, ಎದುರಾಳಿ ದಣಿಯುವವರೆಗೆ ಕಾಯುವುದು. ಇಟಲಿಯಲ್ಲಿ ಈ ವಿದ್ಯೆ ಶಾಸ್ತ್ರವಾಗಿಯೇ ಬೆಳೆದಿತ್ತು. ಅದಕ್ಕೆ ಕತೆನಾಚ್ಚೊ, ಎಂದರೆ ಬಾಗಿಲ ಅಗುಳಿ, ಎಂದು ಹೆಸರು. ಕಿಯೇವೊ ಹಣದ ಚೀಲದ ಮಟ್ಟಿಗೆ ಹಾಸಿಗೆಯ ಅಳತೆಯನ್ನು ಪಾಲಿಸಿತು. ಆಟದಲ್ಲಿ ಮಾತ್ರ ಅಗುಳಿಯನ್ನು ತೆಗೆದುಹಾಕಿತು. ನಾಲ್ವರು ರಕ್ಷಕರು ಗೋಲಿನ ಬಳಿ ಕಾಯದೆ ಮೈದಾನದ ನಡುಗೆರೆಯತ್ತ ಏರಿ ಒಂದೇ ಸಾಲಾಗಿ ನಿಲ್ಲುವರು. ಚೆಂಡು ಹೊರಡುವ ಕ್ಷಣದಲ್ಲಿ ಎದುರಾಳಿ ಆ ಸಾಲಿನಾಚೆ ಕಾದು ನಿಂತಿದ್ದರೆ ಆಫ್‌ಸೈಡ್. ಆದರೆ ನಾಲ್ವರಲ್ಲೊಬ್ಬನು ಒಂದು ಹೆಜ್ಜೆ ತಡಮಾಡಿದರೂ ಹಿಂದೆ ಅರ್ಧ ಮೈದಾನ ಬಟ್ಟಬಯಲು. ಎರಡು ಅಂಚುಗಳಲ್ಲಿ ಎರಿಬೆರ್ತೊ ಮತ್ತು ಮನ್‌ಫ್ರೆದೀನಿ ಬಾಣದಂತೆ ಓಡುವರು; ನಡುವೆ ನಿಂತು ಅವರಿಗೆ ಚೆಂಡನ್ನು ಅಳೆದು ಕಳುಹಿಸುವವರು ಯುಜೇನಿಯೊ ಕೊರೀನಿ. ಕೊರೀನಿಯವರು ಹಿಂದೊಮ್ಮೆ ಯುವೆಂತುಸ್ ತಂಡದಲ್ಲಿದ್ದು, ಅಲ್ಲಿ ನೆಲೆಗೊಳ್ಳದೆ ತಂಡದಿಂದ ತಂಡಕ್ಕೆ ಅಲೆದು ಬಂದವರು. ಆಗ ಅವರಿಗೆ ಮೂವತ್ತೊಂದು ವಯಸ್ಸು. ಇಂತಹ ಆಟಕ್ಕೆ ಕೋಟಿ ಬೆಲೆಯ ಆಟಗಾರ ಬೇಕಿಲ್ಲ, ಎಲ್ಲರೂ ಒಟ್ಟಿಗೆ ಹೆಜ್ಜೆಯಿಡುವ ಅಭ್ಯಾಸ ಬೇಕು. ಗಾಯನ ಮಂಡಳಿಯನ್ನು ನಡೆಸಿದವರಿಗೆ ಇದು ತಿಳಿದ ಸಂಗತಿ: ಒಳ್ಳೆಯ ಕಂಠವೊಂದು ಬಂದು ಸೇರುವುದಕ್ಕಿಂತ, ಇರುವವರೆಲ್ಲ ಗುರುವಾರದ ಅಭ್ಯಾಸಕ್ಕೆ ತಪ್ಪದೆ ಬರುವುದು ಮೇಲು.

2001ರ ಆಗಸ್ಟ್ 26ರಂದು ಕಿಯೇವೊ ಫ್ಲಾರೆನ್ಸಿಗೆ ಹೋಗಿ ಫಿಯೊರೆಂತೀನವನ್ನು 2–0ರಿಂದ ಸೋಲಿಸಿತು. ಸೆಪ್ಟೆಂಬರಿನಲ್ಲಿ ಡಾನ್ ಬೋಸ್ಕೊರವರ ತೂರಿನ್‌ನಲ್ಲಿಯೇ ಯುವೆಂತುಸ್ ವಿರುದ್ಧ 2–0 ಮುಂದಿದ್ದು, 3–2ರಿಂದ ಸೋತಿತು. ಎರಡು ಗೋಲುಗಳ ಮುನ್ನಡೆ ಸಿಕ್ಕ ಮೇಲಾದರೂ ಬಾಗಿಲು ಹಾಕಿಕೊಳ್ಳಬಾರದಿತ್ತೇ ಎಂದು ಜಾಣರು ಕೇಳಿದರು. ಅವರು ಹಾಕಿಕೊಳ್ಳಲಿಲ್ಲ. ಆ ಶರತ್ಕಾಲದಲ್ಲಿ ವಾರಗಳ ಕಾಲ ಅಂಕಪಟ್ಟಿಯ ತುದಿಯಲ್ಲಿ ಕಿಯೇವೊ ಹೆಸರೇ ಇತ್ತು. ದಿನಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಅದನ್ನು ಮೊದಲು ಕಂಡಾಗ ನಾನು ಮುದ್ರಣದೋಷವೆಂದೇ ಭಾವಿಸಿದ್ದೆ. ಅಂದಿನಿಂದ ಸೋಮವಾರದ ಪತ್ರಿಕೆಯನ್ನು ಹಿಂದಿನ ಪುಟದಿಂದ ತೆರೆಯುವ ಅಭ್ಯಾಸವಾಯಿತು. ಡಿಸೆಂಬರಿನಲ್ಲಿ ಮಿಲಾನ್ ನಗರದಲ್ಲಿ ಇಂಟರ್ ತಂಡವನ್ನು 2–1ರಿಂದ ಗೆದ್ದರು.

ಹೆಲ್ಲಾಸ್ ವೆರೋನದ ಅಭಿಮಾನಿಗಳು ಹಿಂದಿನಿಂದಲೂ ಒಂದು ಕುಚೋದ್ಯದ ಮಾತನ್ನು ಹೇಳುತ್ತಿದ್ದರು: ಕಿಯೇವೊ ಸೀರೀ ಎ ಸೇರುವುದು ಕತ್ತೆಗಳು ಹಾರಾಡಿದಾಗ ಎಂದು. ನಾವು ಮೊಲದ ಕೊಂಬು ಎನ್ನುವುದಿಲ್ಲವೇ, ಹಾಗೆ. ಕಿಯೇವೊ ಜನ ಅದಕ್ಕೆ ಮುನಿಯದೆ, ‘ಹಾರುವ ಕತ್ತೆಗಳು’ ಎಂಬುದನ್ನೇ ತಮ್ಮ ಬಿರುದಾಗಿ ಧರಿಸಿದರು. 2001ರ ನವೆಂಬರ್ 18ರಂದು ಒಂದೇ ನಗರದ ಈ ಎರಡು ತಂಡಗಳು ಅತ್ಯುನ್ನತ ದರ್ಜೆಯಲ್ಲಿ ಮೊದಲ ಬಾರಿ ಎದುರಾದಾಗ, ಕಿಯೇವೊ ಮತ್ತೆ 2–0 ಮುಂದಿದ್ದು ಮತ್ತೆ 3–2ರಿಂದ ಸೋತಿತು. ಎರಡನೆಯ ಭೇಟಿ 2002ರ ಮಾರ್ಚ್ 24ರಂದು. ಪಂಚಾಂಗವನ್ನು ತಿರುವಿ ನೋಡಿದೆ: ಅಂದು ಗರಿಗಳ ಭಾನುವಾರ! ಪ್ರಭುವನ್ನು ಹೊತ್ತು ಜೆರುಸಲೇಮನ್ನು ಪ್ರವೇಶಿಸಿದ ಪ್ರಾಣಿಯ ದಿನ ಕತ್ತೆಗಳು 2–1ರಿಂದ ಗೆದ್ದವು. ಎರಡೂ ಗೋಲು ಕೊಸ್ಸಾತೊರವರವು. ಇದೇ ಕೊಸ್ಸಾತೊ ಏಪ್ರಿಲಿನಲ್ಲಿ ಇಂಟರ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು ಪಂದ್ಯವನ್ನು 2–2 ಮಾಡಿದರು. ಇಂಟರ್ ತಂಡ ಆ ವರ್ಷ ಚಾಂಪಿಯನ್ ಪದವಿಯಿಂದ ಎರಡೇ ಅಂಕಗಳಷ್ಟು ಹಿಂದುಳಿಯಿತು.

34 ಪಂದ್ಯಗಳ ಕೊನೆಗೆ ಕಿಯೇವೊ 54 ಅಂಕಗಳೊಡನೆ ಐದನೆಯ ಸ್ಥಾನದಲ್ಲಿತ್ತು. ನಾಲ್ಕನೆಯ ಮಿಲಾನ್ ತಂಡಕ್ಕೂ ಅದಕ್ಕೂ ಒಂದೇ ಅಂಕದ ಅಂತರ. ಹೊಡೆದ ಗೋಲು 57, ಮಿಲಾನ್‌ಗಿಂತ ಹತ್ತು ಹೆಚ್ಚು, ಬಿಟ್ಟುಕೊಟ್ಟದ್ದು 52. ಈ ಎರಡನೆಯ ಅಂಕೆಯನ್ನೂ ನೆನಪಿನಲ್ಲಿಡಬೇಕು. ಇಂತಹ ತಂಡವನ್ನು ಬೆಂಬಲಿಸುವವನಿಗೆ ನೆಮ್ಮದಿಯ ಭಾನುವಾರವೆಂಬುದಿಲ್ಲ. ಆದರೆ ಸೋತು ಮನೆಗೆ ಹೋಗುವಾಗಲೂ ತನ್ನವರು ಅಂಜಿ ಆಡಲಿಲ್ಲವೆಂಬ ಮಾತು ಅವನ ಬಾಯಲ್ಲಿರುತ್ತದೆ.

ಆ ವರ್ಷ ದುಃಖವೂ ಇತ್ತು. 2002ರ ಮಾರ್ಚ್ 2ರಂದು ಕಾಂಗೊ ದೇಶದ ಆಟಗಾರ ಜೇಸನ್ ಮಯೇಲೆಯವರು ತಂಡವನ್ನು ಕೂಡಿಕೊಳ್ಳಲು ಬರುತ್ತಿದ್ದಾಗ ಕಾರು ಅಪಘಾತದಲ್ಲಿ ಮಡಿದರು. ಇಪ್ಪತ್ತಾರು ವರ್ಷದ ಪ್ರಾಯ. ಅವರು ತೊಡುತ್ತಿದ್ದ 30ರ ಅಂಗಿಯನ್ನು ತಂಡ ಬೇರೆಯವರಿಗೆ ಕೊಡಲಿಲ್ಲ. ಕೆಲವು ತಿಂಗಳ ಬಳಿಕ ಇನ್ನೊಂದು ಸಂಗತಿ ಹೊರಬಂತು. ಎರಿಬೆರ್ತೊ ತಾವೇ ಮುಂದೆ ಬಂದು, ತನ್ನ ಹೆಸರು ಎರಿಬೆರ್ತೊ ಅಲ್ಲ, ಲೂಸಿಯಾನೊ. ವಯಸ್ಸನ್ನೂ ನಾಲ್ಕು ವರ್ಷ ಕಡಿಮೆ ಹೇಳಿದ್ದೆ ಎಂದು ಒಪ್ಪಿಕೊಂಡರು. ಬ್ರೆಜಿಲಿನ ಬಡತನದಿಂದ ಪಾರಾಗಲು ಹಿಡಿದ ಸುಳ್ಳು ದಾರಿ ಅದು. ಶಿಕ್ಷೆಯಾಯಿತು, ಅನುಭವಿಸಿದರು, ಆಮೇಲೆ ನಿಜನಾಮದಲ್ಲಿಯೇ ಕಿಯೇವೊ ತಂಡಕ್ಕೆ ಬಹುಕಾಲ ಆಡಿದರು. ಪಾಪನಿವೇದನೆಯ ಪೀಠದಲ್ಲಿ ಹಲವು ವರ್ಷ ಕುಳಿತ ನನಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ್ದು ಈ ಭಾಗ.

ಮುಂದಿನದನ್ನು ಬೇಗ ಹೇಳಿಬಿಡಬಹುದು. 2002ರಲ್ಲಿ ಯೂರೋಪಿನ ಸ್ಪರ್ಧೆಗೆ ಹೋಗಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ತಂಡಕ್ಕೆ ಸೋತರು. 2004ರಲ್ಲಿ ದೆಲ್ನೇರಿಯವರು ಬಿಟ್ಟುಹೋದರು. 2007ರಲ್ಲಿ ಕೆಳಗಿಳಿದು, 2008ರಲ್ಲಿ ಮೇಲೆ ಬಂದರು. ಆ ಬಳಿಕ ತಂಡ ಎಲ್ಲರಂತೆ ಬಾಗಿಲು ಹಾಕಿಕೊಂಡು ಆಡುವುದನ್ನು ಕಲಿಯಿತು. 2014–15ರ ಸಾಲಿನ 38 ಪಂದ್ಯಗಳಲ್ಲಿ ಹೊಡೆದದ್ದು ಕೇವಲ 28 ಗೋಲು. ಆದರೂ ಸೀರೀ ಎ ದರ್ಜೆಯಲ್ಲಿ ಉಳಿಯಿತು, ಹೌದು. ಆ ವರ್ಷದ ಒಂದು ಪಂದ್ಯವೂ ನನಗೆ ನೆನಪಿಲ್ಲ.

ನಿಜವಾದ ಪತನ ಮೈದಾನದಲ್ಲಿ ಆಗಲಿಲ್ಲ. 2018ರಲ್ಲಿ, ಚೆಜೇನ ತಂಡದೊಡನೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವಾಗ ಅವರ ಬೆಲೆಯನ್ನು ಇಲ್ಲದಷ್ಟು ಏರಿಸಿ ಲೆಕ್ಕಪುಸ್ತಕದಲ್ಲಿ ಲಾಭ ತೋರಿಸಲಾಗಿದೆಯೆಂದು ಮೂರು ಅಂಕಗಳನ್ನು ಕಳೆದರು. ಹಾಸಿಗೆಗಿಂತ ಕಾಲು ಎಂದೋ ಹೊರಚಾಚಿತ್ತು. ಹೊದಿಕೆಯಲ್ಲಿ ಮುಚ್ಚಿದ್ದರು, ಅಷ್ಟೆ. 2019ರಲ್ಲಿ ತಂಡ ಕೊನೆಯ ಸ್ಥಾನ ಪಡೆದು ಕೆಳಗಿಳಿಯಿತು. 2021ರ ಜುಲೈನಲ್ಲಿ, ಬಾಕಿ ಉಳಿದ ತೆರಿಗೆಯ ಕಾರಣದಿಂದ, ವೃತ್ತಿನಿರತ ಲೀಗುಗಳಿಂದಲೇ ಅದನ್ನು ಹೊರಗಿಟ್ಟರು. ಬಹಿರಂಗವಾಗಿ ಒಪ್ಪಿಕೊಂಡ ಆಟಗಾರನ ಸುಳ್ಳನ್ನು ಆ ತಂಡ ತಾಳಿಕೊಂಡಿತ್ತು. ಲೆಕ್ಕಪುಸ್ತಕದ ಸುಳ್ಳನ್ನು ತಾಳಲಿಲ್ಲ.

ಆಗ ಮುಂದೆ ಬಂದವರು ಸೆರ್ಜಿಯೊ ಪೆಲ್ಲಿಸ್ಸಿಯೆರ್. 2019ರವರೆಗೂ ಕಿಯೇವೊ ಅಂಗಿ ತೊಟ್ಟು, ಸೀರೀ ಎ ದರ್ಜೆಯಲ್ಲಿ 112 ಗೋಲು ಹೊಡೆದ ಆಟಗಾರ. ಹಳೆಯ ಹೆಸರನ್ನು ಬಳಸುವ ಹಕ್ಕಿಲ್ಲದ ಕಾರಣ 2021ರಲ್ಲಿ ಕ್ಲಿವೆನ್ಸೆ ಎಂಬ ಹೆಸರಿನಲ್ಲಿ ತಳದ ದರ್ಜೆಯಿಂದ ಹೊಸ ತಂಡವನ್ನು ಕಟ್ಟಿದರು. ಅಭಿಮಾನಿಗಳು ಕೈಲಾದಷ್ಟು ಹಣ ಹೂಡಿ ಪಾಲುದಾರರಾದರು. 2024ರ ಮೇ ತಿಂಗಳಲ್ಲಿ ದಿವಾಳಿಯಾದ ಹಳೆಯ ಸಂಘದ ಹೆಸರು ಮತ್ತು ಲಾಂಛನ ಹರಾಜಿಗೆ ಬಂದಾಗ ಅವನ್ನು ಕೊಂಡುಕೊಂಡರು. 2024–25ರ ಸಾಲಿನಲ್ಲಿ, ನಾಲ್ಕನೆಯ ದರ್ಜೆಯ ಅಂಕಪಟ್ಟಿಯಲ್ಲಿ, ಕಿಯೇವೊ ಹೆಸರು ಮತ್ತೆ ಅಚ್ಚಾಯಿತು.

ನಮ್ಮ ಬಯಲಿನ ವಿಷಯ ಉತ್ಸವ ಮುಗಿದ ಮೇಲೆ ಪಾಲನಾ ಸಮಿತಿಯ ಮುಂದೆ ಬರಲಿದೆ. ಅಂದಿನ ಸಭೆಯನ್ನು ಒಳಗೆ ಕರೆಯದೆ ಬಯಲಿನಲ್ಲೇ ಸೇರಿಸಬೇಕೆಂದು ನನ್ನ ಸೂಚನೆ. ಹುಡುಗರ ಆಟ ಮುಗಿಯುವವರೆಗೆ ಹಿರಿಯರು ಸ್ವಲ್ಪ ಕಾಯಬೇಕಾದೀತು.