ಪಲ್ಪಾಟಮಿ

ಪಲ್ಪಾಟಮಿಯು ಮಕ್ಕಳ ದಂತವೈದ್ಯಶಾಸ್ತ್ರದ ಒಂದು ಚಿಕಿತ್ಸಾ ವಿಧಾನ. ಹುಳುಕು ಆಳಕ್ಕಿಳಿದು ಹಾಲುಹಲ್ಲಿನ ತಿರುಳನ್ನು ತಲುಪಿದಾಗ, ಹಲ್ಲಿನ ಮೇಲ್ಭಾಗದ ತಿರುಳನ್ನು ಮಾತ್ರ ತೆಗೆದು, ಬೇರುಗಳೊಳಗಿನ ಆರೋಗ್ಯಕರ ತಿರುಳನ್ನು ಉಳಿಸಿಕೊಳ್ಳಲಾಗುತ್ತದೆ. ತಿರುಳನ್ನು ಬೇರಿನವರೆಗೂ ಪೂರ್ಣವಾಗಿ ತೆಗೆಯುವ ವಿಧಾನಕ್ಕೆ ಪಲ್ಪೆಕ್ಟಮಿ ಎಂದು ಹೆಸರು.

ಅಗತ್ಯ

ಮಕ್ಕಳಿಗೆ ಒಟ್ಟು 20 ಹಾಲುಹಲ್ಲುಗಳಿರುತ್ತವೆ. ಇವುಗಳ ಎನಾಮಲ್ ಮತ್ತು ಡೆಂಟಿನ್ ಪದರಗಳು ಶಾಶ್ವತ ಹಲ್ಲುಗಳಿಗಿಂತ ತೆಳುವಾಗಿದ್ದು, ಹುಳುಕು ಬೇಗನೆ ತಿರುಳನ್ನು ಮುಟ್ಟುತ್ತದೆ. ಹೇಗೂ ಬಿದ್ದುಹೋಗುವ ಹಲ್ಲೆಂದು ಪೋಷಕರು ಇದನ್ನು ಕಡೆಗಣಿಸುವುದುಂಟು. ಆದರೆ ದವಡೆಯ ಹಾಲುಹಲ್ಲುಗಳು ಸಾಮಾನ್ಯವಾಗಿ 9ರಿಂದ 12ನೆಯ ವಯಸ್ಸಿನವರೆಗೆ ಉಳಿಯಬೇಕಾದವು. ಅವನ್ನು ಅವಧಿಗೆ ಮೊದಲೇ ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲಿ, ಶಾಶ್ವತ ಹಲ್ಲು ಓರೆಯಾಗಿ ಹುಟ್ಟಬಹುದು. ಚಿಕಿತ್ಸೆ ನೀಡದೆ ಬಿಟ್ಟರೆ ಸೋಂಕು ಹರಡಿ, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೂ ಹಾನಿಯಾಗಬಹುದು.

ಆಯ್ಕೆಯ ಮಾನದಂಡಗಳು

ತಂಪು ಅಥವಾ ಸಿಹಿ ತಾಗಿದಾಗ ಮಾತ್ರ ನೋವು ಬಂದು ಬೇಗ ಶಮನವಾಗುತ್ತಿದ್ದರೆ ಬೇರಿನ ತಿರುಳು ಆರೋಗ್ಯವಾಗಿರುವ ಸಂಭವ ಹೆಚ್ಚು. ರಾತ್ರಿ ತಾನಾಗಿಯೇ ಬರುವ ನೋವು, ವಸಡಿನ ಕೀವುಗುಳ್ಳೆ ಹಾಗೂ ಹಲ್ಲಿನ ಅಸಹಜ ಅಲುಗಾಟ ಇದ್ದಲ್ಲಿ ಪಲ್ಪಾಟಮಿ ಸೂಕ್ತವಲ್ಲ. ಆಗ ಪಲ್ಪೆಕ್ಟಮಿ ಮಾಡಲಾಗುತ್ತದೆ ಅಥವಾ ಹಲ್ಲನ್ನು ಕೀಳಲಾಗುತ್ತದೆ. ಬೇರಿನ ಸ್ಥಿತಿಯನ್ನು ಕ್ಷ-ಕಿರಣ ಚಿತ್ರದಿಂದ ತಿಳಿಯಲಾಗುತ್ತದೆ.

ವಿಧಾನ

ಸ್ಥಳೀಯ ಅರಿವಳಿಕೆ ನೀಡಿ, ಜೊಲ್ಲು ತಾಗದಂತೆ ರಬ್ಬರ್ ಹಾಳೆಯಿಂದ ಹಲ್ಲನ್ನು ಪ್ರತ್ಯೇಕಿಸಲಾಗುತ್ತದೆ. ಹುಳುಕನ್ನೂ ಮೇಲ್ಭಾಗದ ತಿರುಳನ್ನೂ ತೆಗೆದ ಬಳಿಕ ಒದ್ದೆ ಹತ್ತಿಯನ್ನು ಒತ್ತಿ ಹಿಡಿಯಲಾಗುತ್ತದೆ. ಕೆಲವೇ ನಿಮಿಷಗಳಲ್ಲಿ ರಕ್ತಸ್ರಾವ ನಿಂತರೆ ಉಳಿದ ತಿರುಳು ಆರೋಗ್ಯಕರವೆಂದು ಪರಿಗಣಿಸಲಾಗುತ್ತದೆ. ನಿಲ್ಲದಿದ್ದರೆ ಉರಿಯೂತವು ಬೇರಿಗೂ ಹಬ್ಬಿದೆ ಎಂದರ್ಥ. ಅನಂತರ ತಿರುಳಿನ ಮೇಲೆ ಔಷಧವಿರಿಸಿ, ಹಲ್ಲನ್ನು ತುಂಬಿ, ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲ್ ಕವಚವನ್ನು ತೊಡಿಸಲಾಗುತ್ತದೆ.

ಔಷಧಗಳು

ದೀರ್ಘಕಾಲ ಬಳಕೆಯಲ್ಲಿದ್ದ ಫಾರ್ಮೋಕ್ರೆಸಾಲ್‌ನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ವರ್ಗೀಕರಿಸಿದ ಬಳಿಕ ಅದರ ಸುರಕ್ಷತೆಯ ಚರ್ಚೆ ತೀವ್ರವಾಯಿತು. ಫೆರಿಕ್ ಸಲ್ಫೇಟ್ ಹಾಗೂ 1990ರ ದಶಕದಲ್ಲಿ ಬೆಳಕಿಗೆ ಬಂದ ಎಂಟಿಎ ಎಂಬ ಸಿಮೆಂಟ್ ಇದರ ಪರ್ಯಾಯಗಳು.

ಪಲ್ಪೆಕ್ಟಮಿ

ಇದರಲ್ಲಿ ಬೇರಿನ ನಾಳಗಳನ್ನು ಶುಚಿಗೊಳಿಸಿ ಲೇಪದಿಂದ ತುಂಬಲಾಗುತ್ತದೆ. ಹಾಲುಹಲ್ಲು ಬೀಳುವ ಮುನ್ನ ಅದರ ಬೇರು ಕ್ರಮೇಣ ಕರಗುವುದರಿಂದ, ತುಂಬಿದ ವಸ್ತುವೂ ಜೊತೆಯಲ್ಲೇ ಕರಗುವಂತಿರಬೇಕು. ಆದಕಾರಣ ಶಾಶ್ವತ ಹಲ್ಲುಗಳಲ್ಲಿ ಬಳಸುವ ಗಟ್ಟಾ-ಪರ್ಚಾದ ಬದಲು ಜಿಂಕ್ ಆಕ್ಸೈಡ್-ಯೂಜಿನಾಲ್ ಅಥವಾ ಅಯೊಡೊಫಾರ್ಮ್ ಮಿಶ್ರಿತ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಳಸಲಾಗುತ್ತದೆ.

ನಂತರದ ಆರೈಕೆ

ಚಿಕಿತ್ಸೆ ಪಡೆದ ಹಲ್ಲು ಸಹಜವಾಗಿ ಬೀಳುವವರೆಗೂ ಅದನ್ನು ನಿಯತವಾಗಿ ಪರೀಕ್ಷಿಸಬೇಕಾಗುತ್ತದೆ. ಊತ, ಕೀವು ಅಥವಾ ನೋವು ಮರುಕಳಿಸಿದರೆ ಚಿಕಿತ್ಸೆ ವಿಫಲವಾಗಿರುವ ಸಾಧ್ಯತೆಯಿದೆ. ಹಲ್ಲನ್ನು ಕೀಳಲೇಬೇಕಾದಲ್ಲಿ, ಶಾಶ್ವತ ಹಲ್ಲಿನ ಜಾಗವನ್ನು ಕಾಯ್ದಿರಿಸುವ ಸಾಧನವನ್ನು ಅಳವಡಿಸಬಹುದು.