ಕಾಡಿಗೆ ಮೊದಲು ಒಂದು ರಾತ್ರಿ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ನಿಯಮವಿದೆ. ಬೆನ್ನಿಗೆ ಚೀಲ ಹಾಕಿಕೊಂಡು ಹಲವು ದಿನ ಬೆಟ್ಟಗಳಲ್ಲಿ ನಡೆಯಲು ಪರ್ಮಿಟ್ ಪಡೆದವರಿಗಾಗಿಯೇ ಅಲ್ಲಿ ಬೇರೆ ಕ್ಯಾಂಪ್‌ಗ್ರೌಂಡ್ ಇದೆ. ಹೊರಡುವ ಹಿಂದಿನ ರಾತ್ರಿ ಒಂದು, ಮರಳಿದ ರಾತ್ರಿ ಒಂದು. ಅದಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಕಳೆದ ಬೇಸಿಗೆಯಲ್ಲಿ ನಾನು ಇಬ್ಬರು ಗೆಳತಿಯರೊಡನೆ ಟುವಾಲಮಿ ಮೆಡೋಸ್‌ಗೆ ಕಾರಿನಲ್ಲಿ ಹೊರಟದ್ದು ಈ ಒಂದು ರಾತ್ರಿಯ ಲೆಕ್ಕದಲ್ಲೇ. ಓಕ್‌ಡೇಲ್ ದಾಟಿ, ಪ್ರೀಸ್ಟ್ ಗ್ರೇಡ್‌ನ ತಿರುವುಗಳನ್ನು ಹತ್ತಿ, ಕ್ರೇನ್ ಫ್ಲ್ಯಾಟ್‌ನಲ್ಲಿ ಟಯೋಗಾ ರಸ್ತೆ ಹಿಡಿದೆವು. ಗೆಳತಿಯರಿಗೆ ಅದು ಕಾಡಿಗೆ ಹೋಗುವ ದಾರಿ. ಇತಿಹಾಸ ಓದುತ್ತಿರುವ ನನಗೆ ಆ ದಾರಿಯೇ ಒಂದು ಕಡತ.

ಆ ಕಡತದ ಮೊದಲ ಪುಟದಲ್ಲಿರುವುದು ಕಾಲುದಾರಿ. ಸಿಯೆರಾ ಪರ್ವತದ ಪೂರ್ವಕ್ಕಿದ್ದ ಮೋನೋ ಸರೋವರದ ಪಯೂಟ್ ಜನ ಅಗ್ನಿಶಿಲೆಯ ಗಾಜು, ಉಪ್ಪು, ಪೈನ್ ಬೀಜಗಳನ್ನು ಹೊತ್ತು ಬರುತ್ತಿದ್ದರು. ಪಶ್ಚಿಮದ ಮಿವೊಕ್ ಜನರಿಂದ ಓಕ್ ಕಾಯಿಗಳನ್ನು ಕೊಂಡೊಯ್ಯುತ್ತಿದ್ದರು. 1883ರಲ್ಲಿ ಬೆಳ್ಳಿ ಗಣಿಯ ಕಂಪನಿಯೊಂದು ಈ ಪ್ರದೇಶದಲ್ಲಿ ಗಾಡಿರಸ್ತೆ ಮಾಡಿಸಿತು. ಕಡಿದಾದ ಬಂಡೆಗಳ ನಡುವೆ ಅದನ್ನು ಕಡಿದವರಲ್ಲಿ ಚೀನೀ ಕೂಲಿಗಳೂ ಇದ್ದರು. ಮರುವರ್ಷವೇ ಗಣಿ ಮುಚ್ಚಿತು, ರಸ್ತೆ ಹಾಳುಬಿತ್ತು. 1915ರಲ್ಲಿ ಸ್ಟೀಫನ್ ಮ್ಯಾಥರ್ ಸ್ವಂತ ಹಣ ಮತ್ತು ಸ್ನೇಹಿತರ ದೇಣಿಗೆಯಿಂದ ಅದನ್ನು ಕೊಂಡು ಸರ್ಕಾರಕ್ಕೆ ಒಪ್ಪಿಸಿದ. ಆ ಬೇಸಿಗೆಯಲ್ಲೇ ಕಾರುಗಳು ಬಂದವು.

ಕಾರು ಬಂದದ್ದೇ ತಡ, ಜನ ಎಲ್ಲೆಂದರಲ್ಲಿ ಟೆಂಟ್ ಹಾಕತೊಡಗಿದರು. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳನ್ನು 1920ರ ದಶಕದಲ್ಲಿ ಪರೀಕ್ಷಿಸಿದ ಸಸ್ಯರೋಗ ತಜ್ಞ ಇ. ಪಿ. ಮೈನೆಕೆ, ಚಕ್ರ ಮತ್ತು ಕಾಲುಗಳ ತುಳಿತಕ್ಕೆ ಮಣ್ಣು ಗಟ್ಟಿಯಾಗಿ ಬೇರುಗಳು ಸೊರಗುತ್ತಿವೆ ಎಂದು ಕಂಡುಕೊಂಡ. ಅವನ ಪರಿಹಾರ ಸರಳವಾಗಿತ್ತು: ಒಮ್ಮುಖ ಸುತ್ತುರಸ್ತೆ, ಪ್ರತಿ ಟೆಂಟಿಗೂ ಒಂದು ಕಾರಿನ ಜಾಗ, ಅಲುಗಾಡದ ಮೇಜು, ಕಟ್ಟಿದ ಒಲೆ. ಇಂದು ಅಮೆರಿಕದ ಸಾವಿರಾರು ಕ್ಯಾಂಪ್‌ಗ್ರೌಂಡ್‌ಗಳು ಈ ನಕ್ಷೆಯ ಮಕ್ಕಳು. ಬೇರನ್ನು ಉಳಿಸಲು ಮರದ ವೈದ್ಯ ಬರೆದ ಚೀಟಿಯ ಮೇಲೆ ನಾವು ಟೆಂಟ್ ಹೂಡುತ್ತೇವೆ.

ಕಾರಿನ ಭಯದಿಂದಲೇ ಇನ್ನೊಂದು ಕಲ್ಪನೆಯೂ ಬಲಗೊಂಡಿತು. ಎಲ್ಲೆಡೆ ರಸ್ತೆ ನುಗ್ಗುವುದನ್ನು ಕಂಡು ಕಳವಳಗೊಂಡ ಆಲ್ಡೊ ಲಿಯೊಪೋಲ್ಡ್, ಬಾಬ್ ಮಾರ್ಷಲ್ ಮೊದಲಾದವರು 1935ರಲ್ಲಿ ವೈಲ್ಡರ್‌ನೆಸ್ ಸೊಸೈಟಿ ಕಟ್ಟಿದರು. 1964ರಲ್ಲಿ ಕಾನೂನು ಬಂತು: ರಸ್ತೆಯಿಲ್ಲದ ಆ ನೆಲದಲ್ಲಿ ಮನುಷ್ಯ ಬಂದು ಹೋಗುವ ಅತಿಥಿ, ನೆಲೆಸುವವನಲ್ಲ. 1984ರಲ್ಲಿ ಯೊಸೆಮಿಟಿಯ ಬಹುಪಾಲು ನೆಲ ಈ ಕಾನೂನಿನಡಿ ಸೇರಿತು. ಕಾರಿನಲ್ಲಿ ಬಂದು, ಕಾರಿಲ್ಲದ ಕಡೆಗೆ ನಡೆಯುವ ನಾವು ಈ ಎರಡೂ ಚರಿತ್ರೆಗಳ ಫಲಾನುಭವಿಗಳು.

ಆದರೆ ‘ಅತಿಥಿ’ ಎಂಬ ಮಾತು ಎಲ್ಲರಿಗೂ ಒಂದೇ ತೂಕದ್ದಲ್ಲ. ಯೊಸೆಮಿಟಿ ಕಣಿವೆಯ ಮೂಲನಿವಾಸಿಗಳನ್ನು ಹೊರದಬ್ಬಲು 1851ರಲ್ಲೇ ಸಶಸ್ತ್ರ ಪಡೆಯೊಂದು ನುಗ್ಗಿತ್ತು. ಅನೇಕರು ಮರಳಿ ಬಂದರು, ಅಲ್ಲೇ ದುಡಿದು ಬದುಕಿದರು. ಅವರ ಕೊನೆಯ ಊರನ್ನು ಉದ್ಯಾನದ ಆಡಳಿತ 1969ರಲ್ಲಿ ನೆಲಸಮ ಮಾಡಿತು. ವೈಲ್ಡರ್‌ನೆಸ್ ಕಾನೂನಿಗೆ ಆಗ ಐದು ವರ್ಷ. ನನ್ನಂಥವಳಿಗೆ ಒಂದು ರಾತ್ರಿಯ ಮಿತಿ ಎಂದರೆ ಬರೀ ಅನುಕೂಲದ ನಿಯಮ. ಅಲ್ಲೇ ಹುಟ್ಟಿ ಬೆಳೆದವರಿಗೆ ‘ಇನ್ನು ನೀವೂ ಬಂದು ಹೋಗುವವರು’ ಎಂದದ್ದು ನಿಯಮವಲ್ಲ, ತೀರ್ಪು.

ಬೇರುಗಳ ಮೇಲಿನ ಮೈನೆಕೆಯ ಕಾಳಜಿ ಸುಳ್ಳಲ್ಲ. ರಸ್ತೆಗಳನ್ನು ತಡೆದವರ ಕಾಳಜಿಯೂ ಅಲ್ಲ. ಅವು ಇಲ್ಲದಿದ್ದರೆ ನಡೆಯಲು ಕಾಡೇ ಉಳಿಯುತ್ತಿರಲಿಲ್ಲವೇನೋ. ಆದರೆ ಆ ಕಾಡು ಹಿಂದೆಂದೂ ನಿರ್ಜನವಾಗಿರಲಿಲ್ಲ. ಪಯೂಟ್ ಮತ್ತು ಮಿವೊಕ್ ಜನ ಪೂರ್ವಜರ ಜಾಡು ಹಿಡಿದು ಸಿಯೆರಾ ದಾಟುವ ನಡಿಗೆಯನ್ನು ನಮ್ಮ ಕಾಲದಲ್ಲೂ ನಡೆಸಿಕೊಂಡು ಬಂದಿದ್ದಾರೆ. ಅವರ ಬೆನ್ನಿನ ಮೇಲೂ ಚೀಲವಿರುತ್ತದೆ. ಅದನ್ನು ಬ್ಯಾಕ್‌ಪ್ಯಾಕಿಂಗ್ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.