ಹಳೆ ವಿದ್ಯಾರ್ಥಿಗಳನ್ನು ಕೇಳೋಣ: ಸಂತ ಅಲೋಶಿಯಸ್‌ನ ಪರಂಪರೆಯಲ್ಲೇ ಇರುವ ದಾರಿ

1878ರ ಡಿಸೆಂಬರ್ 31ರಂದು ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. ಅವರು ತಾವಾಗಿಯೇ ಬಂದವರಲ್ಲ. ನಮ್ಮ ಮಕ್ಕಳಿಗೆ ಉನ್ನತ ಶಿಕ್ಷಣ ಬೇಕು, ಅದಕ್ಕೆ ಯೇಸುಸಭೆಯವರನ್ನೇ ಕಳುಹಿಸಿಕೊಡಿ ಎಂದು ಊರಿನ ಕಥೋಲಿಕರು ವರ್ಷಗಟ್ಟಲೆ ರೋಮಿಗೆ ಮನವಿ ಬರೆದಿದ್ದರು. ಆ ಮನವಿಗೆ ಸಿಕ್ಕ ಉತ್ತರವೇ 1880ರ ಜನವರಿ 12ರಂದು ಆರಂಭವಾದ ಸಂತ ಅಲೋಶಿಯಸ್ ಕಾಲೇಜು. ಬಾವುಟಗುಡ್ಡೆಯ ಮೇಲೆ ಕಟ್ಟಡ ಎದ್ದು ನಿಲ್ಲಲು ಊರಿನವರೇ ಜಾಗ ಕೊಟ್ಟರು, ಹಣ ಕೂಡಿಸಿದರು. ಮುಂದೆ ಇಟಲಿಯ ಆಂಟೋನಿಯೊ ಮೊಸ್ಕೇನಿ ಅಲ್ಲಿನ ಚಾಪೆಲ್ಲಿನ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು. ಜನರ ಮಾತಿಗೆ ಕಿವಿಗೊಟ್ಟಿದ್ದರಿಂದ ಹುಟ್ಟಿದ ಸಂಸ್ಥೆ ಇದು. 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಈ ಹೊತ್ತಿನಲ್ಲಿ ಅದನ್ನು ನೆನಪಿಸಿಕೊಳ್ಳಲು ಕಾರಣವಿದೆ. ಇಲ್ಲಿ ಓದಿ ಹೋದವರಿಗೆ ವಿಶ್ವವಿದ್ಯಾಲಯ ಏನು ಮಾಡಬೇಕು ಎಂಬುದನ್ನು ಅವರನ್ನೇ ಕೇಳಿ ತೀರ್ಮಾನಿಸುವ ಕಾಲ ಬಂದಿದೆ.

ಕೇಳಿ ತಿದ್ದಿಕೊಳ್ಳುವುದು ಯೇಸುಸಭೆಯ ಶಿಕ್ಷಣಕ್ಕೆ ಹೊಸದೇನಲ್ಲ. ಅವರ ಶಾಲೆಗಳಿಗೆಲ್ಲ ಚೌಕಟ್ಟು ಕೊಟ್ಟ ‘ರಾಶಿಯೋ ಸ್ಟುಡಿಯೋರಮ್’ ಒಂದೇ ಸಲಕ್ಕೆ ಬರೆದು ಮುಗಿಸಿದ ನಿಯಮಾವಳಿಯಲ್ಲ. 1586ರಲ್ಲಿ ಮೊದಲ ಕರಡನ್ನು ಬೇರೆ ಬೇರೆ ಪ್ರಾಂತಗಳಿಗೆ ಕಳುಹಿಸಿ, ಪಾಠ ಮಾಡುತ್ತಿದ್ದವರ ಅಭಿಪ್ರಾಯ ಕೇಳಿದರು. ಬಂದ ಟೀಕೆಗಳನ್ನು ಓದಿ 1591ರಲ್ಲಿ ಇನ್ನೊಂದು ಕರಡು ಮಾಡಿ ಪ್ರಯೋಗಕ್ಕೆ ಬಿಟ್ಟರು. ಅಂತಿಮ ರೂಪ ಬಂದದ್ದು 1599ರಲ್ಲಿ. ಕಾಗದ ಹಡಗಿನಲ್ಲೂ ಕುದುರೆಯ ಮೇಲೂ ಹೋಗುತ್ತಿದ್ದ ಕಾಲದಲ್ಲಿ ಹದಿಮೂರು ವರ್ಷ ಕಾದು, ಕೇಳಿ, ತಿದ್ದಿದ ತಾಳ್ಮೆ ಅದು.

ಹಳೆ ವಿದ್ಯಾರ್ಥಿಗಳ ವಿಷಯದಲ್ಲಿ ಇನ್ನೂ ದೊಡ್ಡ ನಿದರ್ಶನವಿದೆ. 1973ರ ಜುಲೈ 31ರಂದು ಸ್ಪೇನಿನ ವೆಲೆನ್ಸಿಯಾದಲ್ಲಿ ಯುರೋಪಿನ ಹಳೆ ವಿದ್ಯಾರ್ಥಿಗಳ ಸಮಾವೇಶ ನಡೆಯಿತು. ಯೇಸುಸಭೆಯ ಅಂದಿನ ಮಹಾನಾಯಕ ಫಾದರ್ ಪೆದ್ರೊ ಅರುಪೆ ಅವರು ಅಲ್ಲಿ ಹೊಗಳಿಕೆಯ ಮಾತಾಡಲಿಲ್ಲ. ನ್ಯಾಯಕ್ಕಾಗಿ ನಿಲ್ಲುವಂತೆ ನಿಮಗೆ ಶಿಕ್ಷಣ ಕೊಟ್ಟಿದ್ದೇವೆಯೇ ಎಂದು ಕೇಳಿ, ಪ್ರಾಮಾಣಿಕವಾಗಿ ನೋಡಿದರೆ ಇಲ್ಲ ಎಂದೇ ಹೇಳಬೇಕಾಗುತ್ತದೆ ಎಂದರು. ಕೇಳಿದವರಲ್ಲಿ ಕೆಲವರಿಗೆ ಸಿಟ್ಟೂ ಬಂತು. ಆದರೆ ಇತರರಿಗಾಗಿ ಬದುಕುವವರನ್ನು ರೂಪಿಸಬೇಕೆಂಬ ಧ್ಯೇಯವಾಕ್ಯ ಜಗತ್ತಿನ ಎಲ್ಲ ಯೇಸುಸಭೆಯ ಸಂಸ್ಥೆಗಳಿಗೂ ಹಬ್ಬಿದ್ದು ಆ ಭಾಷಣದಿಂದ. ಹಳೆ ವಿದ್ಯಾರ್ಥಿಗಳ ಮುಂದೆ ಕಷ್ಟದ ಪ್ರಶ್ನೆ ಇಡುವ ಧೈರ್ಯವೂ ನಮಗೆ ಬಳುವಳಿಯಾಗಿಯೇ ಬಂದಿದೆ.

ಇನ್ನು ನಮ್ಮ ಪದವೀಧರರು ಯಾರೆಂದು ನೋಡೋಣ. ಹಿರಿಯರ ಕೈಯಲ್ಲಿ ಮದರಾಸು ವಿಶ್ವವಿದ್ಯಾಲಯದ ಪದವಿಪತ್ರವಿದೆ. ಏಕೀಕರಣದ ನಂತರದ ದಶಕಗಳಲ್ಲಿ ಓದಿದವರದು ಮೈಸೂರಿನದು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಬಂದವರದು ಮಂಗಳೂರಿನದು. ಅವರಲ್ಲೂ ಕಾಲೇಜಿಗೆ ಸ್ವಾಯತ್ತತೆ ಸಿಕ್ಕ ಮೇಲೆ ಓದಿದವರ ಅಂಕಪಟ್ಟಿಯ ರೀತಿಯೇ ಬೇರೆ. ಈಗ ಸೇರುತ್ತಿರುವವರಿಗೆ ಅಲೋಶಿಯಸ್ಸೇ ಪದವಿ ಕೊಡುತ್ತದೆ. ಎಲ್ಲರೂ ಅಲೋಶಿಯನ್ನರೇ, ಆದರೆ ಅವರ ಅಗತ್ಯಗಳು ಒಂದೇ ಅಲ್ಲ. ಕೆನಡಾಕ್ಕೆ ಹೊರಟ ಯುವಕನಿಗೆ ಟ್ರಾನ್ಸ್‌ಕ್ರಿಪ್ಟ್ ಬೇಗ ಬೇಕು. ಕೊಲ್ಲಿಯಲ್ಲಿ ಕೆಲಸ ಹಿಡಿದವನಿಗೆ ಪದವಿಯ ದೃಢೀಕರಣ ಬೇಕು. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಹೋಗಬೇಕೆನ್ನುವ ಮಹಿಳೆಗೆ ಹೊಸ ಕೋರ್ಸೊಂದರ ಮಾಹಿತಿ ಬೇಕು. ನಿವೃತ್ತ ಮೇಷ್ಟರಿಗೆ ಗ್ರಂಥಾಲಯದ ಮೂಲೆಯಲ್ಲೊಂದು ಕುರ್ಚಿ ಸಾಕು. ಇನ್ನು ಹಲವರಿಗೆ ಬೇಕಾಗಿರುವುದು ಪಡೆಯುವ ಸೇವೆಯಲ್ಲ, ಕೊಡುವ ದಾರಿ: ಬಡ ವಿದ್ಯಾರ್ಥಿಯೊಬ್ಬನ ಫೀಸು ಕಟ್ಟಲು, ಕೊನೆಯ ವರ್ಷದವರಿಗೆ ಉದ್ಯೋಗದ ಬಗ್ಗೆ ತಿಳಿಹೇಳಲು.

ಸ್ಮರಣ ಸಂಚಿಕೆಗಳಲ್ಲಿ ಪ್ರಸಿದ್ಧರ ಹೆಸರು ಬರುತ್ತದೆ. ಬ್ಯಾಂಕಿಂಗ್ ಕ್ಷೇತ್ರದ ಕೆ.ವಿ. ಕಾಮತ್, ಬೂಕರ್ ಪಡೆದ ಅರವಿಂದ ಅಡಿಗ ಅಲೋಶಿಯಸ್ ಸಂಸ್ಥೆಗಳಲ್ಲಿ ಓದಿದವರು ಎನ್ನುವಾಗ ಎದೆ ಉಬ್ಬುವುದು ಸಹಜ. ಅಭಿಪ್ರಾಯ ಸಂಗ್ರಹಕ್ಕೆ ಮಾತ್ರ ಬೇರೆಯವರೂ ಬೇಕು. ಪ್ರಶ್ನಾವಳಿಯೊಂದನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಿದರೆ ಉತ್ತರಿಸುವವರು ಹೆಚ್ಚಾಗಿ ಹಳೆ ವಿದ್ಯಾರ್ಥಿ ಸಂಘದ ಸಭೆಗಳಿಗೆ ಮೊದಲೇ ಬರುತ್ತಿರುವವರು, ಕಾಲೇಜನ್ನು ಪ್ರೀತಿಯಿಂದ ನೆನೆಯುವವರು. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಓದಿದವರು, ಮದುವೆಯಾದ ಮೇಲೆ ಹೆಸರೂ ವಿಳಾಸವೂ ಬದಲಾದ ಹೆಣ್ಣುಮಕ್ಕಳು, ಓದನ್ನು ಅರ್ಧದಲ್ಲಿ ಬಿಟ್ಟವರು, ಇಲ್ಲಿ ನೋವು ಉಂಡು ಮತ್ತೆ ಈ ಗುಡ್ಡ ಹತ್ತದವರು ಆ ಲೆಕ್ಕದಲ್ಲಿ ಸಿಗುವುದಿಲ್ಲ. ಬರದೆ ಇರುವವರು ಯಾಕೆ ಬರುತ್ತಿಲ್ಲ ಎಂಬುದು ತಿಳಿಯದೆ ಸೇವೆ ಸುಧಾರಿಸಿತು ಎನ್ನಲಾಗದು.

ಅದಕ್ಕೆ ನನ್ನ ಸೂಚನೆಗಳು ಇವು. ಪ್ರವೇಶ ದಾಖಲೆಗಳಿಂದ ಪ್ರತಿ ದಶಕದ ಒಂದಷ್ಟು ಹೆಸರುಗಳನ್ನು ಚೀಟಿ ಎತ್ತಿದಂತೆ ಆರಿಸಿ, ಒಬ್ಬೊಬ್ಬರನ್ನೂ ಹುಡುಕಿ ಫೋನು ಮಾಡಬೇಕು. ಈಗಿನ ವಿದ್ಯಾರ್ಥಿಗಳೇ ಈ ಕೆಲಸ ಮಾಡಿದರೆ ಸಂಸ್ಥೆಯ ಚರಿತ್ರೆಯನ್ನು ಬದುಕಿದವರ ಬಾಯಿಂದಲೇ ಕೇಳಿದಂತಾಗುತ್ತದೆ. ಮಾತು ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲಯಾಳಂ, ಇಂಗ್ಲಿಷ್, ಯಾವುದರಲ್ಲಾದರೂ ನಡೆಯಲಿ. ಹತ್ತಕ್ಕಿಂತ ಹೆಚ್ಚು ಪ್ರಶ್ನೆ ಬೇಡ. ‘ನೀವು ತೃಪ್ತರೇ?’ ಎಂದು ಕೇಳಿದರೆ ನಮ್ಮವರು ದಾಕ್ಷಿಣ್ಯಕ್ಕೆ ಹೌದು ಎಂದುಬಿಡುತ್ತಾರೆ. ‘ಕೊನೆಯ ಸಲ ಕಾಲೇಜಿಗೆ ಯಾವ ಕೆಲಸಕ್ಕೆ ಬಂದಿರಿ? ಎಷ್ಟು ದಿನ ಹಿಡಿಯಿತು? ಏನು ಸಿಗಲಿಲ್ಲ?’ ಎಂದು ಕೇಳಿದರೆ ನಿಜ ಹೊರಬರುತ್ತದೆ. ಹೆಸರು ಹೇಳದೆ ಉತ್ತರಿಸುವ ಅವಕಾಶ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯದಂತೆ ಫೋನು ನಂಬರು, ವಿಳಾಸಗಳನ್ನು ಒಪ್ಪಿಗೆ ಪಡೆದೇ ಇಟ್ಟುಕೊಳ್ಳಬೇಕು. ಅಭಿಪ್ರಾಯ ಕೇಳುವ ಕರೆಯಲ್ಲಿ ದೇಣಿಗೆಯ ಮಾತು ಎತ್ತಲೇಬಾರದು. ಎತ್ತಿದರೆ ಮುಂದಿನ ಕರೆಯನ್ನು ಯಾರೂ ಸ್ವೀಕರಿಸುವುದಿಲ್ಲ.

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆ ವಿದ್ಯಾರ್ಥಿಗಳ ಅಭಿಪ್ರಾಯ ಪಡೆದಿದ್ದೀರಾ, ಅದರ ಮೇಲೆ ಏನು ಕ್ರಮ ಕೈಗೊಂಡಿರಿ ಎಂದು ಕೇಳುತ್ತಾರೆ. ಮೌಲ್ಯಮಾಪನಕ್ಕೆ ಒಳಗಾಗುವ ಕಾಲೇಜುಗಳು ಆ ಅಂಕಣ ತುಂಬಿಸುತ್ತವೆ. ಅಂಕಣ ತುಂಬುವುದರಾಚೆಗೆ ಹೋಗಬೇಕಾದರೆ ಉತ್ತರ ಕೊಟ್ಟವರಿಗೆ ಮರುಉತ್ತರ ಹೋಗಬೇಕು. ನೀವು ಹೇಳಿದ್ದು ಇದು, ನಾವು ಮಾಡಿದ್ದು ಇದು, ಇದನ್ನು ಮಾಡಲಾಗಲಿಲ್ಲ, ಕಾರಣ ಇದು ಎಂದು ವರ್ಷಕ್ಕೊಮ್ಮೆ ಒಂದು ಪುಟದಲ್ಲಿ ಅಚ್ಚು ಮಾಡಿ ಎಲ್ಲರಿಗೂ ತಲುಪಿಸಬೇಕು. ಮಾಡಲಾಗದ್ದನ್ನು ಬಾಯಿಬಿಟ್ಟು ಹೇಳುವ ಸಂಸ್ಥೆಯನ್ನು ಜನ ಹೆಚ್ಚು ನಂಬುತ್ತಾರೆ.

ಈ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಅಲೋಶಿಯಸ್ ಗೊನ್ಜಾಗ ಶ್ರೀಮಂತ ಮನೆತನದ ಹಕ್ಕು ಬಿಟ್ಟುಕೊಟ್ಟವನು. 1591ರಲ್ಲಿ ರೋಮಿನ ರೋಗಪೀಡಿತರ ಶುಶ್ರೂಷೆಯಲ್ಲಿ ತಾನೂ ಸೋಂಕು ತಗುಲಿಸಿಕೊಂಡು 23ರ ಹರೆಯದಲ್ಲಿ ಪ್ರಾಣ ಬಿಟ್ಟ. ಇನ್ನೊಬ್ಬರ ಬಳಿಗೆ ತಾನಾಗಿ ನಡೆದುಹೋಗುವುದೇ ಅವನ ದಾರಿ. ಹಳೆ ವಿದ್ಯಾರ್ಥಿಗಳು ಗುಡ್ಡ ಹತ್ತಿ ಬರಲೆಂದು ಕಾಯದೆ ನಾವೇ ಅವರಿದ್ದಲ್ಲಿಗೆ ಹೋಗಿ ಕೇಳೋಣ. ಹಳೆ ವಿದ್ಯಾರ್ಥಿ ಸಂಘ ಈ ವರ್ಷವೇ ಮೊದಲ ಸುತ್ತಿನ ಕರೆಗಳನ್ನು ಆರಂಭಿಸಲಿ, ಮುಂದಿನ ಸಂಚಿಕೆಯಲ್ಲಿ ಆ ಒಂದು ಪುಟ ಅಚ್ಚಾಗಲಿ.